ವೆಲಾಸ್ಕೆಸ್‌ನ ನೆರಳಿನಲ್ಲಿ ಪಳಗಿದ ಕುಂಚ

ನಕಲು ಎಂಬ ಮಾತಿಗೆ ನಮ್ಮಲ್ಲಿ ಗೌರವ ಕಡಿಮೆ. ಗುರು ಹಾಡಿದ್ದನ್ನು ಶಿಷ್ಯ ಹಾಗೆಯೇ ಹಾಡಿ ಒಪ್ಪಿಸಿದರೆ ಅದನ್ನು ಸಂಗೀತ ಪಾಠವೆನ್ನುತ್ತೇವೆ. ಚಿತ್ರಕಲೆಗೆ ಬಂದೊಡನೆ ಅದೇ ಕೆಲಸ ಕಳ್ಳತನದಂತೆ ಕಾಣುತ್ತದೆ. ಆದರೆ ತೈಲವರ್ಣದ ಭಾವಚಿತ್ರಗಳಿಂದ ಯುರೋಪ್ ಮತ್ತು ಅಮೆರಿಕಗಳೆರಡರಲ್ಲೂ ಹೆಸರಾದ ಜಾನ್ ಸಿಂಗರ್ ಸಾರ್ಜೆಂಟ್ ತನ್ನ ವಿದ್ಯೆಯ ಮುಖ್ಯ ಪಾಠವನ್ನು ಕಲಿತದ್ದು, 1660ರಲ್ಲೇ ತೀರಿಕೊಂಡಿದ್ದ ಸ್ಪೇನಿನ ಡಿಯೆಗೊ ವೆಲಾಸ್ಕೆಸ್‌ನ ಚಿತ್ರಗಳನ್ನು ಪ್ರತಿ ಮಾಡುತ್ತ.

ಅಮೆರಿಕನ್ ದಂಪತಿಯ ಮಗನಾದ ಸಾರ್ಜೆಂಟ್ 1856ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಜನಿಸಿದ. ಊರಿಂದೂರಿಗೆ ಅಲೆಯುತ್ತಿದ್ದ ಕುಟುಂಬದ ಈ ಹುಡುಗ 18ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಕಾರೊಲಸ್ ಡ್ಯುರಾನ್‌ನ ಚಿತ್ರಶಾಲೆ ಸೇರಿದ. ವೆಲಾಸ್ಕೆಸ್‌ನ ಪರಮಭಕ್ತನಾಗಿದ್ದ ಆ ಗುರುವಿನ ಕ್ರಮವೇ ಬೇರೆ. ವರ್ಷಗಟ್ಟಲೆ ರೇಖಾಭ್ಯಾಸ ಮಾಡಿಸಿ ಆಮೇಲೆ ಬಣ್ಣ ಕೊಡುವ ಅಂದಿನ ಪದ್ಧತಿಯನ್ನು ಬಿಟ್ಟು, ಆತ ಮೊದಲಿನಿಂದಲೇ ಕುಂಚ ಹಿಡಿಸುತ್ತಿದ್ದ. ಬೆಳಕೂ ಅಲ್ಲದ, ಕತ್ತಲೂ ಅಲ್ಲದ ನಡುವಣ ಛಾಯೆಯನ್ನು ಮೊದಲು ಗುರುತಿಸಬೇಕು; ಗಾಢವಾದ ಕಪ್ಪನ್ನೂ ಹೊಳಪನ್ನೂ ಕೊನೆಗೆ ಮಿತವಾಗಿ ಇಡಬೇಕು.

ಅದೇ ಗುರುವಿನ ಭಾವಚಿತ್ರವನ್ನು ಬರೆದು 1879ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಸಾರ್ಜೆಂಟ್ ಗೌರವ ಪ್ರಶಸ್ತಿಗೆ ಪಾತ್ರನಾದ. ಆಗ ಆತನಿಗೆ 23 ವರ್ಷ. ಶ್ರೀಮಂತರ ಮನೆಬಾಗಿಲುಗಳು ತೆರೆಯುತ್ತಿದ್ದ ಆ ಹೊತ್ತಿನಲ್ಲಿ ಆತ ಮಾಡಿದ್ದೇನು? ಮ್ಯಾಡ್ರಿಡ್‌ಗೆ ಹೋಗಿ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿ ಪ್ರತಿಕಾರನೆಂದು ಹೆಸರು ಬರೆಸಿ, ಮತ್ತೆ ವಿದ್ಯಾರ್ಥಿಯಾದ.

ಅಲ್ಲಿ ಪ್ರತಿ ಮಾಡಿದ ಚಿತ್ರಗಳಲ್ಲಿ 1656ರ 'ಲಾಸ್ ಮೆನಿನಾಸ್' ಒಂದು. 10 ಅಡಿಗೂ ಎತ್ತರವಾದ ಮೂಲದಲ್ಲಿ ರಾಜಕುಮಾರಿ, ಆಕೆಯ ಸಖಿಯರು, ಸ್ವತಃ ಚಿತ್ರಕಾರ ಎಲ್ಲರೂ ಕೆಳಗಿನ ಅರ್ಧದಲ್ಲೇ ಇದ್ದಾರೆ. ಮೇಲಿನ ಅರ್ಧವೆಲ್ಲ ಮಬ್ಬುಗತ್ತಲೆಯ ಕೋಣೆ. ಹತ್ತಿರ ಹೋದರೆ ರಾಜಕುಮಾರಿಯ ಉಡುಪು ಬಣ್ಣದ ಗೀಟುಗಳಾಗಿ ಚದುರುತ್ತದೆ, ದೂರ ಸರಿದರೆ ರೇಷ್ಮೆಯಾಗುತ್ತದೆ. ಇದನ್ನು ನೋಡಿ ಮೆಚ್ಚುವುದು ಒಂದು, ಬರೆದು ತಿಳಿಯುವುದು ಇನ್ನೊಂದು. ಪ್ರತಿ ಮಾಡುವವನು ಪ್ರತಿಯೊಂದು ಗೀಟಿಗೂ ಬಣ್ಣ ಎಷ್ಟು, ಕುಂಚ ಎಷ್ಟು ಅಗಲ, ಯಾವುದು ಮೊದಲು ಎಂದು ತೀರ್ಮಾನಿಸಲೇಬೇಕು. ತಪ್ಪಿದರೆ ಪಕ್ಕದಲ್ಲೇ ಮೂಲ ನಿಂತಿದೆ. ಸಾರ್ಜೆಂಟ್ ಮುಂದೆಯೂ ಸರಿಬಾರದ ಮುಖವನ್ನು ತೇಪೆ ಹಾಕಿ ತಿದ್ದುತ್ತಿರಲಿಲ್ಲ. ಪೂರ್ತಿ ಕೆರೆದು ಹಾಕಿ ಹೊಸದಾಗಿ ಬರೆಯುತ್ತಿದ್ದ. ಮರುವರ್ಷ ಹಾಲೆಂಡಿನ ಹಾರ್ಲೆಮ್‌ಗೆ ಹೋಗಿ ಫ್ರಾನ್ಸ್ ಹಾಲ್ಸ್‌ನ ಚಿತ್ರಗಳನ್ನೂ ಪ್ರತಿ ಮಾಡಿದ.

ಕಲಿತದ್ದು 1882ರಲ್ಲಿ ಹೊರಬಂತು. ಮಿತ್ರ ಎಡ್ವರ್ಡ್ ಬೋಯ್ಟ್‌ನ ನಾಲ್ವರು ಹೆಣ್ಣುಮಕ್ಕಳನ್ನು ಆತ 7 ಅಡಿಗೂ ಮಿಗಿಲಾದ ಚೌಕ ಕ್ಯಾನ್ವಾಸಿನ ಮೇಲೆ ಬರೆದ. ಕಿರಿಯವಳು ನೆಲಹಾಸಿನ ಮೇಲೆ ಕುಳಿತಿದ್ದಾಳೆ. ಹಿರಿಯರಿಬ್ಬರು ಆಳೆತ್ತರದ ಜಪಾನಿ ಹೂದಾನಿಗಳ ಬಳಿ ಕತ್ತಲಿನತ್ತ ಸರಿದಿದ್ದಾರೆ, ಒಬ್ಬಳ ಮುಖವಂತೂ ಸರಿಯಾಗಿ ಕಾಣುವುದೇ ಇಲ್ಲ. ನಡುವೆ ಬರಿಯ ಖಾಲಿ ಜಾಗ. ಭಾವಚಿತ್ರವೆಂದರೆ ಮುಖ ಎಂದು ನಂಬಿದ್ದ ಕೆಲವು ವಿಮರ್ಶಕರು ಆ ಶೂನ್ಯವನ್ನು ಕಂಡು ಸಿಡುಕಿದರು. ವೆಲಾಸ್ಕೆಸ್‌ನಿಂದ ಬಂದ ಕತ್ತಲೆ ಅದು; ಆದರೆ ಅದರೊಳಗೆ ಬಾಲ್ಯ ಕಳೆಯುತ್ತಿರುವ ಹುಡುಗಿಯರನ್ನು ನಿಲ್ಲಿಸಿದ್ದು ಸಾರ್ಜೆಂಟನೇ.

1884ರ 'ಮೇಡಂ ಎಕ್ಸ್' ಚಿತ್ರದ ಹಗರಣ ಆತನನ್ನು ಪ್ಯಾರಿಸ್ಸಿನಿಂದ ಲಂಡನ್ನಿಗೆ ದಾಟಿಸಿತು. ಅಲ್ಲಿ ಕೀರ್ತಿ, ಹಣ ಎರಡೂ ಬಂದವು. 1907ರ ಸುಮಾರಿಗೆ, ಬೇಡಿಕೆ ತುಂಬಿರುವಾಗಲೇ, ಭಾವಚಿತ್ರದ ಕಸುಬಿಗೆ ಬೇಸತ್ತು ಅದನ್ನು ಬಹುತೇಕ ತೊರೆದ. 1925ರ ಏಪ್ರಿಲಿನಲ್ಲಿ ಸಾರ್ಜೆಂಟ್ ತೀರಿಕೊಂಡ ಬಳಿಕ ಕ್ರಿಸ್ಟೀಸ್ ಸಂಸ್ಥೆ ಹರಾಜು ಹಾಕಿದ ಆತನ ಚಿತ್ರಶಾಲೆಯ ವಸ್ತುಗಳಲ್ಲಿ ವೆಲಾಸ್ಕೆಸ್‌ನ ಪ್ರತಿಗಳೂ ಇದ್ದವು.

ಬೋಯ್ಟ್ ಸೋದರಿಯರ ಚಿತ್ರ ಬಾಸ್ಟನ್ ಲಲಿತಕಲಾ ಸಂಗ್ರಹಾಲಯದ ಸ್ವತ್ತು. 2010ರಲ್ಲಿ ಅದು ಎರವಲಾಗಿ ಮ್ಯಾಡ್ರಿಡ್‌ಗೆ ಹೋಯಿತು. ಪ್ರಾಡೊದವರು ಅದನ್ನು 'ಲಾಸ್ ಮೆನಿನಾಸ್' ಜೊತೆಯಲ್ಲೇ ತೂಗುಹಾಕಿದರು.