ಬೆನಗಲ್ ನರಸಿಂಗರಾಯರೂ ಮತದಾರರ ಯಾದಿಯೂ

ಪ್ರಜಾರಾಜ್ಯದಲ್ಲಿ ನಾಗರಿಕನ ಅಧಿಕಾರವು ಮತಪೆಟ್ಟಿಗೆಯ ಬಳಿಯಲ್ಲಿ ಆರಂಭವಾಗುವದೆಂದು ಸಾಮಾನ್ಯರ ತಿಳಿವಳಿಕೆ. ವಾಸ್ತವದಲ್ಲಿ ಮತದಾರರ ಯಾದಿಯಲ್ಲಿ ಆತನ ಹೆಸರು ಬರೆಯಲ್ಪಟ್ಟ ದಿನವೇ ಅದು ಆರಂಭವಾಗುವದು. ಕಲಬುರ್ಗಿ ಜಿಲ್ಲೆಯವರಿಗೆ ಈ ಸಂಗತಿಯು ಈಚೆಗೆ ಚೆನ್ನಾಗಿ ಮನವರಿಕೆಯಾಗಿದೆ. ೨೦೨೩ರ ವಿಧಾನಸಭೆಯ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ ೬,೦೧೮ ಹೆಸರುಗಳನ್ನು ಯಾದಿಯಿಂದ ತೆಗೆದುಹಾಕಬೇಕೆಂದು ಅರ್ಜಿಗಳು ಬಂದವು. ಅಧಿಕಾರಿಗಳು ವಿಚಾರಿಸಿ ನೋಡಲಾಗಿ ಅವುಗಳಲ್ಲಿ ೨೪ ಮಾತ್ರ ಸರಿಯಾದವೆಂದು ಕಂಡುಬಂದಿತು. ಉಳಿದ ೫,೯೯೪ ಹೆಸರುಗಳು ಯಾದಿಯಲ್ಲಿಯೇ ನಿಂತವು. ಫಿರ್ಯಾದು ದಾಖಲಾಯಿತು, ೨೦೨೫ರಲ್ಲಿ ರಾಜ್ಯ ಸರಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. ಇದು ಯಾರ ಕೈವಾಡವೆಂಬುದನ್ನು ನ್ಯಾಯಾಲಯವು ತೀರ್ಮಾನಿಸಲಿ. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಈ ಯಾದಿಯು ಹೇಗೆ ಹುಟ್ಟಿತು, ಅದರ ಹಿಂದೆ ಯಾವ ವಚನವಿತ್ತು ಎಂಬುದನ್ನು ತಿಳಿಯಬೇಕಾದರೆ, ಕನ್ನಡ ಕರಾವಳಿಯಲ್ಲಿ ಜನಿಸಿದ ಸರ್ ಬೆನಗಲ್ ನರಸಿಂಗರಾಯರ ಚರಿತ್ರೆಯನ್ನು ನೆನೆಯುವದು ಅವಶ್ಯ.

ನರಸಿಂಗರಾಯರು ೧೮೮೭ನೆಯ ಇಸವಿಯ ಫೆಬ್ರುವರಿ ೨೬ರಂದು ಮಂಗಳೂರಿನಲ್ಲಿ ಹುಟ್ಟಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಸೋದರರಲ್ಲಿ ರಾಮರಾಯರು ಮುಂದೆ ರಿಝರ್ವ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರೆಂದೂ ಲೋಕಸಭೆಯ ಸದಸ್ಯರೆಂದೂ ಖ್ಯಾತಿ ಪಡೆದರು. ಕೆನರಾ ಹೈಸ್ಕೂಲಿನಲ್ಲಿ ಕಲಿತ ಬಾಲಕನು ಇಡೀ ಮದ್ರಾಸ ಇಲಾಖೆಗೇ ಮೊದಲಿಗನಾಗಿ ತೇರ್ಗಡೆ ಹೊಂದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, ಗಣಿತದಲ್ಲಿ ಪದವಿಯನ್ನು ಗಳಿಸಿದನು. ಸಿವಿಲ್ ಸರ್ವಿಸಿಗೆ ಸೇರಿದಾಗ, ಮದ್ರಾಸಿನಲ್ಲಿ ತಮಗೆ ಬಂಧುಮಿತ್ರರು ಬಹಳವೆಂದೂ ತಮ್ಮನ್ನು ಬಂಗಾಲಕ್ಕೆ ಕಳುಹಬೇಕೆಂದೂ ತಾವಾಗಿಯೇ ಬೇಡಿಕೊಂಡರು. ಅಧಿಕಾರಿಯಾದವನು ತನ್ನವರಿಂದ ತುಸು ದೂರ ನಿಲ್ಲಬೇಕೆಂಬ ಈ ಎಚ್ಚರವು ಅವರಲ್ಲಿ ಕಡೆಯವರೆಗೂ ಉಳಿದಿತ್ತು.

ಬಂಗಾಲದಲ್ಲಿ ಜಿಲ್ಲೆಯ ಕೆಲಸವನ್ನೂ ನ್ಯಾಯಾಧಿಕಾರಿಯ ಕೆಲಸವನ್ನೂ ನೋಡಿಕೊಂಡ ಮೇಲೆ, ೧೯೨೫ರಿಂದ ಕೆಲವು ವರ್ಷ ಅವರು ಅಸ್ಸಾಮ ಸರಕಾರದ ಕಾರ್ಯದರ್ಶಿಗಳಾಗಿದ್ದರು. ೧೯೩೫ರ ಕಾಯದೆಯು ಬಂದಾಗ, ದೇಶದ ಕಾಯದೆಗಳನ್ನೆಲ್ಲ ಅದಕ್ಕೆ ಹೊಂದಿಸುವ ಭಾರವು ಅವರ ಮೇಲೆ ಬಿದ್ದಿತು. ೧೯೩೮ರಲ್ಲಿ ಸರ್ ಪದವಿ ದೊರೆಯಿತು. ಮರುವರ್ಷ ಕಲಕತ್ತೆಯ ಹಾಯಕೋರ್ಟಿನ ನ್ಯಾಯಾಧೀಶರಾದರು. ಹಿಂದೂ ಕಾಯದೆಯ ಸುಧಾರಣೆಗಾಗಿ ೧೯೪೧ರಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ೧೯೪೪-೪೫ರಲ್ಲಿ ಕಾಶ್ಮೀರದ ಪ್ರಧಾನಮಂತ್ರಿಗಳಾಗಿದ್ದು ಅಲ್ಲಿಂದ ಹೊರಬಂದರು.

೧೯೪೬ರ ಜುಲೈಯಲ್ಲಿ ಅವರು ಘಟನಾಸಭೆಯ ಸಲಹೆಗಾರರಾದರು. ಸಭೆಯ ಸದಸ್ಯತ್ವವಾಗಲಿ ಮತವಾಗಲಿ ಅವರಿಗಿರಲಿಲ್ಲ. ಸಂಬಳವನ್ನೂ ತೆಗೆದುಕೊಳ್ಳದೆ ದುಡಿದರು. ಅನ್ಯದೇಶಗಳ ರಾಜ್ಯಘಟನೆಗಳನ್ನು ಶೋಧಿಸಿ ಸದಸ್ಯರ ಕೈಗೆ ಕೊಟ್ಟವರು ಅವರು. ೧೯೪೭ರ ಅಕ್ಟೋಬರದಲ್ಲಿ ೨೪೩ ಕಲಮುಗಳೂ ೧೩ ಪರಿಶಿಷ್ಟಗಳೂ ಉಳ್ಳ ಮೊದಲ ಕರಡನ್ನು ಸಿದ್ಧಪಡಿಸಿದವರೂ ಅವರೇ. ಡಾಕ್ಟರ ಅಂಬೇಡಕರರ ಅಧ್ಯಕ್ಷತೆಯ ಕರಡು ಸಮಿತಿಯು ಇದನ್ನೇ ಮುಂದಿಟ್ಟುಕೊಂಡು ತನ್ನ ಮಹತ್ಕಾರ್ಯವನ್ನು ನಡೆಯಿಸಿತು.

ಆದರೆ ಇದೇ ಹೊತ್ತಿಗೆ ಅವರ ಮೇಲ್ವಿಚಾರಣೆಯಲ್ಲಿ ಘಟನಾಸಭೆಯ ಕಚೇರಿಯು ಕೈಗೊಂಡ ಇನ್ನೊಂದು ಕಾರ್ಯವು ಬಹುಜನರಿಗೆ ತಿಳಿಯದು. ರಾಜ್ಯಘಟನೆಯು ಅಂಗೀಕಾರವಾಗುವದಕ್ಕೆ ಎರಡು ವರ್ಷ ಮೊದಲೇ, ೧೯೪೭ರ ಕೊನೆಗೆ, ಪ್ರೌಢ ಮತಾಧಿಕಾರದ ಯಾದಿಯನ್ನು ಬರೆಯಿಸುವ ಸಿದ್ಧತೆ ತೊಡಗಿತು. ಅಲ್ಲಿಯವರೆಗೆ ಮತವೆಂಬುದು ಆಸ್ತಿ, ತೆರಿಗೆ, ವಿದ್ಯೆಗಳುಳ್ಳ ಕೆಲವರ ಸ್ವತ್ತಾಗಿತ್ತು. ಅದರಲ್ಲಿಯೂ ೧೯೦೯ರಿಂದ ಮುಸಲ್ಮಾನರಿಗೆ ಬೇರೆ ಯಾದಿ, ಬೇರೆ ಕ್ಷೇತ್ರ. ಈಗ ಬರೆಯಬೇಕಾದದ್ದು ೨೧ ವರ್ಷ ತುಂಬಿದ ಪ್ರತಿಯೊಬ್ಬ ಸ್ತ್ರೀಪುರುಷನ ಹೆಸರನ್ನೂ ಒಳಗೊಂಡ ಒಂದೇ ಯಾದಿ. ಓದು ಬರಹವಿಲ್ಲದ ಕೋಟ್ಯಂತರ ಜನರು ತಾವಾಗಿ ಕಚೇರಿಗೆ ಬಂದು ಹೆಸರು ಕೊಡಲಾರರು. ಸರಕಾರದ ನೌಕರನೇ ಮನೆಮನೆಗೆ ಹೋಗಿ ಬರೆದುಕೊಳ್ಳಬೇಕಾಯಿತು.

ದೇಶವಿಭಜನೆಯ ಹೊಗೆ ಆಗ ಆರಿರಲಿಲ್ಲ. ಲಕ್ಷಾವಧಿ ನಿರಾಶ್ರಿತರು ಊರಿಂದೂರಿಗೆ ಅಲೆಯುತ್ತಿದ್ದರು. ವರ್ಷದಲ್ಲಿ ೧೮೦ ದಿನ ಒಂದೆಡೆ ವಾಸವಿರಬೇಕೆಂಬ ನಿಯಮವನ್ನು ಇವರಿಗೆ ಅನ್ವಯಿಸಿದ್ದರೆ ಅವರೆಲ್ಲ ಯಾದಿಯಿಂದ ಹೊರಗುಳಿಯುತ್ತಿದ್ದರು. ಅಸ್ಸಾಮದಿಂದ ಇಂಥ ದೂರುಗಳೇ ನರಸಿಂಗರಾಯರ ಕಚೇರಿಗೆ ಬಂದವು. ಇಲ್ಲಿಯೇ ಕಾಯಂ ವಾಸಿಸುವೆನೆಂದು ನಿರಾಶ್ರಿತನು ಬರೆದುಕೊಟ್ಟರೆ ಸಾಕು, ಆತನ ಹೆಸರನ್ನು ಸೇರಿಸಬೇಕೆಂದು ನಿಶ್ಚಯವಾಯಿತು. ೧೯೪೯ರ ಜನವರಿಯಲ್ಲಿ ಘಟನಾಸಭೆಯು ಇದನ್ನು ಠರಾವಿನ ಮೂಲಕ ದೃಢಪಡಿಸಿತು. ಅಸ್ಸಾಮದಲ್ಲಿ ದೂರಿಟ್ಟವರಲ್ಲಿ ಬಂಗಾಲಿ ಹಿಂದೂ ನಿರಾಶ್ರಿತರು ಬಹಳವಿದ್ದರೆಂಬುದನ್ನು ಮರೆಯಲಾಗದು. ಒಂದು ನಾಡಿನ ಬಹುಸಂಖ್ಯಾತನು ಇನ್ನೊಂದು ನಾಡಿನಲ್ಲಿ ಅಲ್ಪಸಂಖ್ಯಾತನೇ. ಯಾದಿಯ ನ್ಯಾಯವು ಎಲ್ಲರಿಗೂ ಒಂದಿಲ್ಲೊಂದು ದಿನ ಬೇಕಾಗುವದು. ಅದೇ ವರ್ಷದ ಜೂನದಲ್ಲಿ ಅಂಬೇಡಕರರು, ಕೆಲವು ಪ್ರಾಂತಗಳಲ್ಲಿ ಕುಲ, ಭಾಷೆ, ಸಂಸ್ಕೃತಿಗಳಿಂದ ಭಿನ್ನರಾದವರನ್ನು ಯಾದಿಯಿಂದ ಹೊರಗಿಡಲಾಗುತ್ತಿದೆಯೆಂಬ ದೂರುಗಳನ್ನು ಸಭೆಯ ಮುಂದಿಟ್ಟು, ಚುನಾವಣೆಯ ಅಧಿಕಾರವನ್ನು ಪ್ರಾಂತ ಸರಕಾರಗಳ ಕೈಯಿಂದ ತೆಗೆದು ಸ್ವತಂತ್ರ ಆಯೋಗಕ್ಕೆ ಒಪ್ಪಿಸಿದರು. ಎಂದರೆ ಚುನಾವಣಾ ಆಯೋಗವು ಈ ರೂಪದಲ್ಲಿ ಹುಟ್ಟಿದ್ದೇ ಹೆಸರು ಬಿಟ್ಟುಹೋದ ದೂರಿನಿಂದ.

ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮನ ಸಂಸ್ಥಾನದಲ್ಲಿದ್ದವು. ರಜಾಕಾರರ ಹಾವಳಿಯಿಂದ ಹಿಂದೂಗಳು ಬೆಂದಿದ್ದರು. ೧೯೪೮ರ ಸಪ್ಟೆಂಬರದ ಪೋಲೀಸ ಕಾರ್ಯಾಚರಣೆಯ ಮೇಲೆ ಪ್ರತೀಕಾರದ ಪೆಟ್ಟು ಮುಸಲ್ಮಾನರ ಮೇಲೆ ಬಿದ್ದಿತು. ಅದೇ ವರ್ಷದ ಕೊನೆಗೆ ನೆಹರೂ ಸರಕಾರದ ಪರವಾಗಿ ಬಂದ ಪಂಡಿತ ಸುಂದರಲಾಲರ ತಂಡವು, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿಯನ್ನೂ ಎಣಿಸಿತು. ಅಂಥ ನಾಡಿನಲ್ಲಿ, ಗಾಯ ಮಾಯುವ ಮೊದಲೇ, ಇಬ್ಬರ ಹೆಸರುಗಳೂ ಒಂದೇ ಯಾದಿಯಲ್ಲಿ ಬಂದವು. ೧೯೫೨ರ ಚುನಾವಣೆಯಲ್ಲಿ ಕಲಬುರ್ಗಿಯು ಸ್ವಾಮಿ ರಾಮಾನಂದ ತೀರ್ಥರನ್ನು ಲೋಕಸಭೆಗೆ ಆರಿಸಿತು.

ಇದು ಸಣ್ಣ ಸಂಗತಿಯಲ್ಲ. ಪ್ರತ್ಯೇಕ ಕ್ಷೇತ್ರಗಳು ೧೯೪೭ರಲ್ಲಿಯೇ ಹೋದವು; ೧೯೪೯ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಕಾದಿರಿಸಿದ ಸ್ಥಾನಗಳನ್ನೂ ಕೈಬಿಡಲಾಯಿತು. ಇದಕ್ಕೆ ಪ್ರತಿಯಾಗಿ ರಾಷ್ಟ್ರವು ಅವರಿಗೆ ಕೊಟ್ಟದ್ದು ೩೨೫ನೆಯ ಕಲಮು: ಪ್ರತಿ ಕ್ಷೇತ್ರಕ್ಕೆ ಒಂದೇ ಯಾದಿ, ಧರ್ಮ, ಜಾತಿ, ಕುಲ, ಲಿಂಗಗಳ ಕಾರಣದಿಂದ ಯಾರೂ ಅದರಿಂದ ಹೊರಗಲ್ಲ. ಪ್ರತ್ಯೇಕ ಯಾದಿ ಬೇಡವೆಂದು ನಾವು ರಾಷ್ಟ್ರೀಯರು ದಶಕಗಳ ಕಾಲ ವಾದಿಸಿದೆವು. ಆ ವಾದವೇ ಗೆದ್ದಿತು. ಗೆದ್ದವರ ಮೇಲೆ ಹೊಣೆಯೂ ಬಂದಿತು. ಸಾಮಾನ್ಯ ಯಾದಿಯಲ್ಲಿ ಅಲ್ಪಸಂಖ್ಯಾತನ ಹೆಸರು ಸುರಕ್ಷಿತವಲ್ಲವೆಂದಾದರೆ, ಆ ಒಪ್ಪಂದದಲ್ಲಿ ಆತನ ಪಾಲಿಗೆ ಉಳಿದದ್ದೇನು? ಆತನ ಅವಿಶ್ವಾಸವನ್ನು ದೇಶಪ್ರೇಮದ ಕೊರತೆಯೆಂದು ಜರೆಯುವದು ಸುಲಭ. ಅದನ್ನು ಹೋಗಲಾಡಿಸುವ ಸಾಧನವು ಮಾತ್ರ ಭಾಷಣವಲ್ಲ, ಶುದ್ಧವಾದ ಯಾದಿ.

ಮೊದಲ ಯಾದಿಯೂ ಕುಂದಿಲ್ಲದ್ದಾಗಿರಲಿಲ್ಲ. ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಯಿಸಿದ ಸುಮಾರು ೨೮ ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಆದರೂ ಹದಿನೇಳು ಕೋಟಿಗೆ ಮಿಕ್ಕಿದ ಮತದಾರರ ಆ ಚುನಾವಣೆಯನ್ನು ನರಸಿಂಗರಾಯರು ಬದುಕಿರುವಾಗಲೇ ಕಂಡರು. ಅಷ್ಟರಲ್ಲಿ ಅವರು ಸಂಯುಕ್ತ ರಾಷ್ಟ್ರಸಂಘದಲ್ಲಿ ಭಾರತದ ಪ್ರತಿನಿಧಿಯಾಗಿ, ೧೯೫೦ರ ಜೂನದಲ್ಲಿ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದರು. ೧೯೫೨ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು, ೧೯೫೩ರ ನವೆಂಬರ ೩೦ರಂದು ಜ್ಯೂರಿಕ್ಕಿನಲ್ಲಿ ನಿಧನ ಹೊಂದಿದರು.

ಅವರ ಕಾಲದ ನೌಕರನು ಹೆಸರನ್ನು ಹುಡುಕಿಕೊಂಡು ಮನೆಗೆ ಹೋದನು. ಇಂದು ದೂರದಲ್ಲಿ ಕುಳಿತ ಅಜ್ಞಾತನೊಬ್ಬನು ಇನ್ನೊಬ್ಬರ ಹೆಸರಿನಿಂದ ಅರ್ಜಿ ಕಳುಹಿ, ಬದುಕಿರುವವನ ಹೆಸರನ್ನು ತೆಗೆಯಿಸಲು ಯತ್ನಿಸಬಲ್ಲನು. ಬಿಹಾರದಲ್ಲಿ ೨೦೨೫ರ ಪರಿಷ್ಕರಣೆಯ ಕರಡು ಯಾದಿಯಿಂದ ಸುಮಾರು ೬೫ ಲಕ್ಷ ಹೆಸರುಗಳು ಬಿಟ್ಟುಹೋದಾಗ, ಅವುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಮ ಕೋರ್ಟು ಆಜ್ಞೆ ಮಾಡಬೇಕಾಯಿತು. ಸತ್ತವರ ಹೆಸರೂ ಎರಡೆರಡು ಕಡೆ ಇರುವ ಹೆಸರೂ ಹೋಗಬೇಕಾದದ್ದು ಸರಿಯೇ. ಆದರೆ ಹೆಸರನ್ನು ತೆಗೆಯುವ ಮೊದಲು ಆ ಮನೆಯ ಬಾಗಿಲನ್ನು ತಟ್ಟಬೇಕು, ಕಾರಣವನ್ನು ತಿಳಿಸಬೇಕು, ಉತ್ತರವನ್ನು ಕೇಳಬೇಕು. ಆಳಂದದಲ್ಲಿ ೫,೯೯೪ ಜನರ ಮತವು ಉಳಿದದ್ದು ಅಧಿಕಾರಿಗಳು ಹೀಗೆ ವಿಚಾರಿಸಿದ್ದರಿಂದಲೇ. ಅಲ್ಲಿ ನಡೆದದ್ದು ಅಫಜಲಪುರದಲ್ಲಿಯೂ ಜೇವರ್ಗಿಯಲ್ಲಿಯೂ, ನಾಡಿನ ಪ್ರತಿಯೊಂದು ತಾಲೂಕಿನಲ್ಲಿಯೂ, ದೂರಿಗಾಗಿ ಕಾಯದೆ ನಡೆಯಬೇಕು. ನರಸಿಂಗರಾಯರ ಸ್ಮರಣೆಗೆ ಸರಕಾರಿ ನೌಕರನು ಸಲ್ಲಿಸಬಹುದಾದ ಗೌರವವು ಇದೇ.