ಕರ್ಲಿ ಲ್ಯಾಂಬೋ

ನಾವು ಕಾಲಿನಿಂದ ಆಡುವ ಫುಟ್‌ಬಾಲಿಗಿಂತ ಬೇರೆಯಾದುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರಿನಲ್ಲಿ 1898ರಲ್ಲಿ ಜನಿಸಿದ ಲ್ಯಾಂಬೋ 1919ರಲ್ಲಿ ಗೆಳೆಯರೊಡನೆ ಈ ಆಟದ ತಂಡವೊಂದನ್ನು ಕಟ್ಟಿದನು. ಅವನು ದುಡಿಯುತ್ತಿದ್ದ ಮಾಂಸದ ಡಬ್ಬಿಗಳ ಕಂಪನಿಯು ಉಡುಪಿಗೆ ಹಣವಿತ್ತುದರಿಂದ ತಂಡಕ್ಕೆ ‘ಪ್ಯಾಕರ್ಸ್’ ಎಂಬ ಹೆಸರಾಯಿತು. ಹಣ ಸಾಲದಾದಾಗ, 1923ರಲ್ಲಿ, ಊರವರೇ ಪಾಲು ಕೊಂಡು ಅದನ್ನು ಉಳಿಸಿದರು. ಲ್ಯಾಂಬೋನ ತರಬೇತಿಯಲ್ಲಿ ತಂಡವು 1929ರಿಂದ 1944ರ ವರೆಗೆ ಆರು ಸಲ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಮುಂದೆ ಅದನ್ನು ಹಣವಂತರ ಕೈಗೊಪ್ಪಿಸುವ ಅವನ ಸಲಹೆಯನ್ನು ಆಡಳಿತ ಮಂಡಲಿಯು ಒಪ್ಪಲಿಲ್ಲ. 1950ರಲ್ಲಿ ಅವನು ತಂಡವನ್ನು ತೊರೆದನು. ಆದರೂ ಅವನು ತೀರಿಕೊಂಡ 1965ರಲ್ಲಿಯೇ ಊರಿನ ಕ್ರೀಡಾಂಗಣಕ್ಕೆ ಅವನ ಹೆಸರನ್ನಿಟ್ಟರು. ತಂಡವು ಇಂದಿಗೂ ಸಾಮಾನ್ಯ ಜನರ ಸೊತ್ತಾಗಿಯೇ ಉಳಿದಿದೆ. ಕಟ್ಟಿದವನನ್ನು ಗೌರವಿಸುತ್ತಲೇ ಎಲ್ಲರದನ್ನು ಎಲ್ಲರದಾಗಿ ಕಾಯಬಹುದೆಂಬುದನ್ನು ನಾವು ಆ ಊರಿನಿಂದ ಕಲಿಯಬೇಕು.