ಹಾರಲು ಕಲಿಸಿದ ವಿಮಾನಗಳ ನಿರ್ಮಾತೃ: ಡಾ. ಘಾಟಗೆ

ಪುಣೆಯ ಲೋಹೆಗಾಂವ್ ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಸುಖೋಯ್ ಯುದ್ಧವಿಮಾನಗಳ ಗರ್ಜನೆ ಹೊಸದಲ್ಲ. ೧೯೯೭ರಲ್ಲಿ ಅವು ಭಾರತೀಯ ವಾಯುಪಡೆಯನ್ನು ಮೊದಲು ಸೇರಿದ್ದು ಇಲ್ಲಿಯೇ. ತಲೆಯೆತ್ತಿ ನೋಡುವವರು ವೈಮಾನಿಕನ ಧೈರ್ಯವನ್ನು ಕೊಂಡಾಡುವರು. ಅವನಿಗೆ ಮೊದಲಕ್ಷರವನ್ನು ಕಲಿಸಿದ ವಿಮಾನವನ್ನು ನೆನೆಯುವವರು ವಿರಳ. ಅಂತಹ ವಿಮಾನಗಳನ್ನು ನಮ್ಮ ದೇಶದಲ್ಲಿಯೇ ರೂಪಿಸಬಹುದೆಂದು ತೋರಿಸಿಕೊಟ್ಟವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು.

ಕೊಲ್ಹಾಪುರ ಸೀಮೆಯವರಾದ ಘಾಟಗೆಯವರು ಜನಿಸಿದ್ದು ೧೯೦೮ರ ಅಕ್ಟೋಬರ್ ೨೪ರಂದು. ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ, ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವಾಯುಚಲನ ಶಾಸ್ತ್ರದ ಪಿತಾಮಹರೆನಿಸಿದ ಲುಡ್ವಿಗ್ ಪ್ರಾಂಟ್ಲರ ಶಿಷ್ಯರಾಗಿ ೧೯೩೬ರಲ್ಲಿ ಡಾಕ್ಟರೇಟ್ ಪಡೆದರು.

ಪುಣೆ ಜಿಲ್ಲೆಯ ವಾಲ್‌ಚಂದ್‌ನಗರಕ್ಕೆ ತಮ್ಮ ಹೆಸರನ್ನಿತ್ತ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಘಾಟಗೆಯವರ ವಿದ್ಯೆಗೆ ಕಾರ್ಯಕ್ಷೇತ್ರ ದೊರೆತದ್ದು ಅಲ್ಲಿ. ನಾವು ಉದ್ಯೋಗವನ್ನರಸಿ ಕನ್ನಡ ನಾಡಿನಿಂದ ಇತ್ತ ಬಂದವರು. ಅವರು ಇತ್ತಣಿಂದ ಕನ್ನಡ ನಾಡಿಗೆ ಹೋಗಿ ಜೀವಮಾನದ ಕಾರ್ಯವನ್ನು ಅಲ್ಲಿ ನೆರವೇರಿಸಿದವರು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗ ಆರಂಭವಾದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆಯನ್ನೂ ಹೊತ್ತರು.

ತರಬೇತಿಯ ವಿಮಾನವನ್ನು ರಚಿಸುವುದು ಸುಲಭದ ಕೆಲಸವಲ್ಲ. ಅದು ಹೊಸಬನ ತಪ್ಪನ್ನು ಕ್ಷಮಿಸಬೇಕು. ಆದರೆ ತಪ್ಪೆಂಬುದನ್ನು ಅವನಿಗೆ ತಿಳಿಸದೆ ಬಿಡಲೂ ಬಾರದು. ಬುಗುರಿಯಂತೆ ಸುತ್ತುತ್ತ ಕೆಳಗಿಳಿಯತೊಡಗಿದರೆ ಸರಿಯಾದ ಕ್ರಮದಿಂದ ಮತ್ತೆ ನೇರಗೊಳ್ಳಬೇಕು. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್.ಟಿ.-೨ ವಿಮಾನವು ೧೯೫೧ರ ಆಗಸ್ಟಿನಲ್ಲಿ ಗಗನವನ್ನೇರಿತು. ಗುರುಶಿಷ್ಯರು ಹಿಂದುಮುಂದಾಗಿ ಕುಳಿತು ಹಾರುವ ಈ ವಿಮಾನವು ವಾಯುಪಡೆಯಲ್ಲಿ ಹಳೆಯ ಟೈಗರ್ ಮಾತ್‌ಗಳ ಸ್ಥಾನವನ್ನು ಪಡೆಯಿತು. ೧೫೦ಕ್ಕೂ ಮಿಕ್ಕಿ ತಯಾರಾದ ಇವುಗಳಲ್ಲಿ ಕೆಲವು ಘಾನಾ ದೇಶದ ವಾಯುಪಡೆಗೂ ಸಂದವು.

ಜೆಟ್ ಯುಗ ಬಂದೊಡನೆ ಎರಡನೆಯ ಮೆಟ್ಟಿಲು ಬೇಕಾಯಿತು. ಅದೇ 'ಕಿರಣ'. ೧೯೬೪ರ ಸೆಪ್ಟೆಂಬರ್ ೪ರಂದು ಮೊದಲು ಹಾರಿದ ಈ ಜೆಟ್ ವಿಮಾನದಲ್ಲಿ ಗುರುಶಿಷ್ಯರ ಆಸನಗಳು ಪಕ್ಕಪಕ್ಕದಲ್ಲಿವೆ. ಶಿಷ್ಯನ ಕೈಚಲನೆ ಗುರುವಿನ ಕಣ್ಣಿಗೆ ನೇರವಾಗಿ ಬೀಳುವುದು. ಮರುವರ್ಷ ಭಾರತ ಸರ್ಕಾರವು ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಮೂರನೆಯ ಮೆಟ್ಟಿಲು ಮಾತ್ರ ಬಹುಕಾಲ ಖಾಲಿಯಾಗಿಯೇ ಉಳಿಯಿತು. ಸೌಮ್ಯಗತಿಯ ಕಿರಣದಿಂದ ಇಳಿದ ತರುಣನು ಗಂಟೆಗೆ ೩೦೦ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲಮುಟ್ಟುವ ಮಿಗ್-೨೧ನ್ನು ಏರಬೇಕಾಗುತ್ತಿತ್ತು. ೧೯೮೨ರಲ್ಲಿಯೇ ಲಾ ಫಾಂಟೇನ್ ಸಮಿತಿಯು ಉನ್ನತ ತರಬೇತಿಯ ಜೆಟ್ ವಿಮಾನ ಅವಶ್ಯವೆಂದು ವರದಿಯಿತ್ತಿತು. ಬ್ರಿಟನ್ನಿನ ಹಾಕ್ ವಿಮಾನಗಳಿಗಾಗಿ ಒಪ್ಪಂದವಾದದ್ದು ೨೦೦೪ರಲ್ಲಿ. ಅವು ನಮ್ಮ ಬೀದರಿನಲ್ಲಿ ಸೇವೆಗೆ ಸೇರಿದ್ದು ೨೦೦೮ರಲ್ಲಿ. ನಡುವಣ ವರ್ಷಗಳಲ್ಲಿ ಅನೇಕ ತರುಣ ವೈಮಾನಿಕರು ಮಿಗ್ ಅಪಘಾತಗಳಲ್ಲಿ ಪ್ರಾಣ ತೆತ್ತರು. ಎಲ್ಲದಕ್ಕೂ ಇದೊಂದೇ ಕಾರಣವೆನ್ನಲಾಗದು. ಆದರೂ ಮೆಟ್ಟಿಲಿಲ್ಲದ ಕಡೆ ಹಾರಿ ದಾಟೆಂದು ತರುಣರಿಗೆ ಹೇಳಿದ ಹೊಣೆಯಿಂದ ದೇಶವು ನುಣುಚಿಕೊಳ್ಳಲಾಗದು.

ಹಾಕ್ ವಿಮಾನಗಳು ಬರುವುದನ್ನು ಕಾಣಲು ಘಾಟಗೆಯವರು ಉಳಿದಿರಲಿಲ್ಲ. ೧೯೯೧ರಲ್ಲಿ ಅವರು ಕಾಲವಾದರು. ಮುಂದಿನ ಪೀಳಿಗೆಯ ಯುದ್ಧವಿಮಾನಗಳಿಗೆ ವೈಮಾನಿಕರನ್ನು ಅಣಿಗೊಳಿಸಲು ಶಬ್ದಾತೀತ ವೇಗದ ತರಬೇತಿ ವಿಮಾನವೊಂದರ ಮಾದರಿಯನ್ನು ಅದೇ ಬೆಂಗಳೂರು ಕಾರ್ಖಾನೆಯವರು ೨೦೨೩ರಲ್ಲಿ ಪ್ರದರ್ಶಿಸಿದ್ದಾರೆ. ಮಾದರಿಯು ವಿಮಾನವಾಗಲು ಮತ್ತೆ ದಶಕಗಳು ಹಿಡಿಯಬಾರದು. ಯುದ್ಧವಿಮಾನವನ್ನು ಕೊಳ್ಳುವ ರಾಷ್ಟ್ರವು ಅದನ್ನು ಹಾರಿಸುವವನ ಶಿಕ್ಷಣಕ್ಕೂ ಅಷ್ಟೇ ಬೆಲೆ ಕೊಡಬೇಕೆಂಬುದೇ ಘಾಟಗೆಯವರ ಜೀವಿತವು ಕಲಿಸುವ ಪಾಠ.